ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೆ ಹೋದಾಗ

ಪರೀಕ್ಷೆ ಹತ್ತಿರ ಬಂತೆಂದರೆ ಸರ್ಕಾರಿ ಶಾಲೆಯ ವೇಳಾಪಟ್ಟಿಯಿಂದ ಸದ್ದಿಲ್ಲದೆ ಜಾರಿಕೊಳ್ಳುವ ಪೀರಿಯಡ್ಡುಗಳು ಎರಡು: ಒಂದು ಸಂಗೀತ, ಇನ್ನೊಂದು ಡ್ರಾಯಿಂಗ್. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅವು ಹಾಗೇ ಇರುತ್ತವೆ. ತರಗತಿಗೆ ಬರುವವರು ಮಾತ್ರ ಗಣಿತದ ಮೇಷ್ಟ್ರು. ಇನ್ನೂ ಎರಡು ಪಾಠ ಬಾಕಿಯಿದೆ, ಏನು ಮಾಡೋದು? ಯಾರೂ ತಕರಾರು ಮಾಡುವುದಿಲ್ಲ. ಮಕ್ಕಳು ಒಂದು ಕ್ಷಣ ಮುಖ ಸಪ್ಪೆ ಮಾಡಿ ನೋಟ್‌ಬುಕ್ ತೆಗೆಯುತ್ತಾರೆ.

ಇದಕ್ಕೆ ಗಣಿತದ ಮೇಷ್ಟ್ರನ್ನು ದೂರಿ ಫಲವಿಲ್ಲ. ಕಲೆಯ ಪರ ಮಾತಾಡುವ ನಾವೇ ಆ ಪೀರಿಯಡ್ಡನ್ನು ಅವರ ಕೈಗಿಟ್ಟಿದ್ದೇವೆ. ಸಂಗೀತ ಕಲಿತರೆ ಗಣಿತ ಚುರುಕಾಗುತ್ತದೆ, ಚಿತ್ರ ಬರೆದರೆ ಏಕಾಗ್ರತೆ ಬರುತ್ತದೆ, ನಾಟಕ ಮಾಡಿದರೆ ಮುಂದೆ ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಮಾತಾಡುತ್ತಾರೆ ಎಂದು ಹೇಳಿಕೊಂಡು ಬಂದವರು ನಾವೇ. ಗಣಿತ ಬರಲಿ ಎಂದೇ ಸಂಗೀತವಾದರೆ ಸುತ್ತು ಬಳಸಿ ಹೋಗುವುದೇಕೆ, ನೇರವಾಗಿ ಗಣಿತವನ್ನೇ ಮಾಡಿಸಿದರಾಯಿತಲ್ಲ! ಮೇಷ್ಟ್ರು ನಮ್ಮ ವಾದವನ್ನೇ ಅದರ ಕೊನೆಯವರೆಗೆ ಒಯ್ದಿದ್ದಾರೆ, ಅಷ್ಟೆ.

ಕಲೆಗೆ ಬೇರೆ ವಿಷಯದ ಲಾಭವನ್ನು ಎರವಲು ಅಂಗಿಯ ಹಾಗೆ ತೊಡಿಸುವ ಈ ಅಭ್ಯಾಸ ಹಳೆಯದು. 1838ರಲ್ಲಿ ಅಮೆರಿಕದ ಬಾಸ್ಟನ್ ನಗರ ಸಂಗೀತವನ್ನು ಸರ್ಕಾರಿ ಶಾಲೆಗಳ ಪಾಠಕ್ಕೆ ಸೇರಿಸಿತು. ಅದಕ್ಕೂ ಮುಂಚೆ ಲೋವೆಲ್ ಮೇಸನ್ ಎಂಬ ಸಂಗೀತ ಶಿಕ್ಷಕ ಸಂಬಳವಿಲ್ಲದೆ ಒಂದು ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕಾಯಿತು. ಹಾಡುವುದರಿಂದ ಬುದ್ಧಿಗೇನು ಲಾಭ, ನಡತೆಗೇನು ಲಾಭ, ದೇಹಕ್ಕೇನು ಲಾಭ ಎಂಬ ಮೂರು ತಕ್ಕಡಿಯಲ್ಲಿ ಸಂಗೀತವನ್ನು ತೂಗಿ ನೋಡಿದ ಮೇಲೇ ಶಾಲಾ ಸಮಿತಿ ಒಪ್ಪಿದ್ದು. ಅದೇ ಮ್ಯಾಸಚೂಸೆಟ್ಸ್ ರಾಜ್ಯ 1870ರಲ್ಲಿ ಕಾನೂನು ಮಾಡಿ ಡ್ರಾಯಿಂಗನ್ನು ಶಾಲೆಗೆ ತಂದಿತು. ಅದೂ ಮಕ್ಕಳು ಚಿತ್ರ ಬರೆಯಲಿ ಎಂದಲ್ಲ, ಕಾರ್ಖಾನೆಗಳಿಗೆ ನಕ್ಷೆ ಬರೆಯಬಲ್ಲ ಕೈಗಳು ಬೇಕಿದ್ದವು.

ನಮ್ಮ ಕಾಲದ ಎರವಲು ಅಂಗಿಯೆಂದರೆ ಐಕ್ಯೂ, ಅಂದರೆ ಬುದ್ಧಿಮತ್ತೆಯ ಅಂಕ. 1993ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. 36 ಕಾಲೇಜು ವಿದ್ಯಾರ್ಥಿಗಳಿಗೆ 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿದರು, ಆಮೇಲೆ ಕಾಗದ ಮಡಚಿ ಕತ್ತರಿಸುವ ಬಗೆಯ ಪ್ರಶ್ನೆಗಳಲ್ಲಿ, ಅದನ್ನು ಕೇಳದೆ ಇದ್ದಾಗಿನದಕ್ಕಿಂತ, ಅವರು ಐಕ್ಯೂ ಲೆಕ್ಕದಲ್ಲಿ 8–9 ಅಂಕದಷ್ಟು ಮೇಲಿದ್ದರು. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಅದು ಇಳಿದೂ ಹೋಗಿತ್ತು. ಮಕ್ಕಳ ಮೇಲೆ ನಡೆದ ಪ್ರಯೋಗವಲ್ಲ, ಕಲಿಕೆಯ ಪ್ರಯೋಗವೂ ಅಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಿಸಲು 1,05,000 ಡಾಲರ್ ಕೇಳಿದರು. ಅಷ್ಟು ಹಣದಲ್ಲಿ ಒಬ್ಬಿಬ್ಬರು ಸಂಗೀತ ಶಿಕ್ಷಕರಿಗೆ ಒಂದು ವರ್ಷದ ಸಂಬಳ ಕೊಡಬಹುದಿತ್ತು ಎಂದು ಯಾರಿಗಾದರೂ ಹೊಳೆಯಿತೋ ಇಲ್ಲವೋ.

ನಿಜವಾಗಿ ಪಾಠ ಮಾಡಿ ಅಳೆದವರೂ ಇದ್ದಾರೆ. 2004ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಗ್ಲೆನ್ ಶೆಲ್ಲನ್‌ಬರ್ಗ್ ಅವರ ಅಧ್ಯಯನದಲ್ಲಿ ಆರು ವರ್ಷದ 144 ಮಕ್ಕಳನ್ನು ಕೀಬೋರ್ಡ್, ಗಾಯನ, ನಾಟಕ, ಏನೂ ಇಲ್ಲ ಎಂದು ನಾಲ್ಕು ಗುಂಪು ಮಾಡಿದರು. ವರ್ಷದ ಕೊನೆಗೆ ಸಂಗೀತ ಕಲಿತವರ ಐಕ್ಯೂ ಸರಾಸರಿ 7 ಅಂಕ ಏರಿತ್ತು, ಉಳಿದವರದು 4.3. ಏರಿಕೆ ಉಂಟು, ಆದರೆ ಅದನ್ನು ಹೊತ್ತು ಮೆರೆಸುವಷ್ಟಿಲ್ಲ. ನನಗೆ ಹಿಡಿಸಿದ್ದು ಅದೇ ಅಧ್ಯಯನದ ಇನ್ನೊಂದು ಮೂಲೆ: ನಾಟಕ ಕಲಿತ ಮಕ್ಕಳು ಬೇರೆಯವರೊಡನೆ ಬೆರೆಯುವ ರೀತಿ ಸುಧಾರಿಸಿತ್ತು. 2020ರಲ್ಲಿ 54 ಅಧ್ಯಯನಗಳನ್ನು, ಸುಮಾರು 7,000 ಮಕ್ಕಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದಾಗ, ಸಂಗೀತದಿಂದ ಓದು, ಗಣಿತಗಳಿಗೆ ಹರಿಯುವ ಲಾಭ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತು. ಅಧ್ಯಯನ ಎಷ್ಟು ಕಟ್ಟುನಿಟ್ಟೋ ಲಾಭ ಅಷ್ಟು ಕಡಿಮೆ.

ಹಾಗಾದರೆ ಕಲೆಯಿಂದ ಏನೂ ಇಲ್ಲವೇ? ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 42 ಶಾಲೆಗಳನ್ನು, 10,548 ಮಕ್ಕಳನ್ನು ಒಳಗೊಂಡ ಅಧ್ಯಯನ 2019ರಲ್ಲಿ ಹೊರಬಂತು. ಯಾವ ಶಾಲೆಗೆ ಹೆಚ್ಚುವರಿ ಕಲಾ ಶಿಕ್ಷಣ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಕಲೆ ಸಿಕ್ಕ ಶಾಲೆಗಳಲ್ಲಿ ಶಿಸ್ತುಕ್ರಮಕ್ಕೆ ಗುರಿಯಾಗುವ ಮಕ್ಕಳ ಪ್ರಮಾಣ 3.6 ಶೇಕಡಾಂಶ ಇಳಿಯಿತು, ಬರವಣಿಗೆಯ ಅಂಕ ಏರಿತು, ಇನ್ನೊಬ್ಬರ ನೋವಿಗೆ ಮಿಡಿಯುವ ಗುಣ ಹೆಚ್ಚಿತು. ಗಣಿತ ಇದ್ದಲ್ಲೇ ಇತ್ತು. ಕಲೆಗೆ ಕೊಟ್ಟ ಸಮಯದಿಂದ ಗಣಿತ ಕೆಟ್ಟಿರಲಿಲ್ಲ ಎಂಬುದನ್ನು ಮಾತ್ರ ಮೇಷ್ಟ್ರಿಗೆ ತೋರಿಸಬಹುದು.

ಇದಕ್ಕಿಂತ ಗಟ್ಟಿಯಾದ ವಾದ ನನ್ನ ಮಟ್ಟಿಗೆ ಒಂದೇ. ಹಣವಿರುವ ಮನೆಯ ಮಗು ಸಂಜೆ ಎಲ್ಲೋ ಒಂದು ಕಡೆ ಹಾಡು ಕಲಿಯುತ್ತದೆ, ಶಾಲೆಯಲ್ಲಿ ಕಲಿಸಿದರೂ ಕಲಿಸದಿದ್ದರೂ. ಉಳಿದ ಮಕ್ಕಳಿಗೆ ಶ್ರುತಿ ಸೇರಿಸಿ ಹಾಡುವುದು ಅಂದರೇನು, ಎರಡು ಬಣ್ಣ ಬೆರೆತು ಮೂರನೆಯದು ಹುಟ್ಟುವುದು ಹೇಗೆ ಎಂಬುದು ಕೈಗೆ ಸಿಗುವ ಜಾಗ ಸರ್ಕಾರಿ ಶಾಲೆ ಮಾತ್ರ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಕಲೆಯಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕೆಂದೇ ಕರೆದಿದೆ. ಸಂಗೀತ ಎಲ್ಲರ ಸೊತ್ತು ಎಂದು ನಂಬಿದ್ದ ಹಂಗೇರಿಯ ಸಂಗೀತ ಸಂಯೋಜಕ ಝೋಲ್ತಾನ್ ಕೊಡಾಯ್ ಅವರ ವಿಧಾನದಲ್ಲಿ ನಡೆಯುವ ಮೊದಲ ಹಾಡಿನ ಪ್ರಾಥಮಿಕ ಶಾಲೆ ಕೆಚ್ಕೆಮೇತ್ ಊರಲ್ಲಿ 1950ರಲ್ಲಿ ಶುರುವಾಯಿತು. ಅಲ್ಲಿ ಮುಖ್ಯ ಉಪಕರಣ ಮಗುವಿನ ಗಂಟಲು. ಅದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.

ಆ ಗಂಟಲಿನ ವಿಚಾರದಲ್ಲೇ ಶಾಲೆಗಳು ಮೊದಲ ತಪ್ಪು ಮಾಡುವುದು. ಆರರಿಂದ ಎಂಟು ವರ್ಷದ ಮಗುವಿಗೆ ಹಾಯಾಗಿ ಹಾಡಲು ಬರುವ ಹರವು ಬಹಳ ಚಿಕ್ಕದು: ಸೆಕೆಂಡಿಗೆ ಇಷ್ಟು ಕಂಪನ ಎಂಬ ಹರ್ಟ್ಸ್ ಲೆಕ್ಕದಲ್ಲಿ ಸುಮಾರು 294 ಹರ್ಟ್ಸ್‌ನಿಂದ 440 ಹರ್ಟ್ಸ್‌ವರೆಗೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎರಡು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನು ಷಡ್ಜ, ಅಂದರೆ ಸ, ಮಾಡಿಕೊಂಡ ಶ್ರುತಿ) ಸ ದಿಂದ ಪ, ಸ್ವಲ್ಪ ಪಳಗಿದ ಮೇಲೆ ದ. ಟೀಚರ್ ತಮ್ಮ ಅಭ್ಯಾಸದ ಐದು ಮನೆ ಶ್ರುತಿಯಲ್ಲಿ ಷಡ್ಜ ಹಿಡಿದರೆ ಅದು 196 ಹರ್ಟ್ಸ್. ಅಷ್ಟು ಕೆಳಗೆ ಮಗುವಿನ ದನಿ ಇಳಿಯುವುದಿಲ್ಲ. ಇಳಿಸಲು ಹೋದರೆ ಗೊರಗೊರ ಎನ್ನುತ್ತದೆ, ಇಲ್ಲವೇ ಮಾತಿನ ದನಿಯಲ್ಲೇ ಪದ ಒಪ್ಪಿಸುತ್ತದೆ. ಇಡೀ ತರಗತಿ ಕೂಗುತ್ತಿದೆ, ಹಾಡುತ್ತಿಲ್ಲ ಅನ್ನಿಸಿದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಮೇಷ್ಟ್ರಾದರೆ ಇನ್ನೊಂದು ತೊಡಕು. ಅವರು ಹಾಡುವುದು ಒಂದು ಸ್ಥಾಯಿ ಕೆಳಗೆ, ಮಕ್ಕಳು ಹಾಡಬೇಕಾದದ್ದು ಮೇಲೆ. ಕೆಲವು ಮಕ್ಕಳು ತಾವಾಗಿ ಮೇಲಕ್ಕೆ ಹೊಂದಿಸಿಕೊಳ್ಳುತ್ತಾರೆ, ಕೆಲವರು ಮೇಷ್ಟ್ರ ಸ್ಥಾಯಿಗೇ ಇಳಿಯಲು ಒದ್ದಾಡುತ್ತಾರೆ. ಶ್ರುತಿಪೆಟ್ಟಿಗೆಯನ್ನೋ ಮೊಬೈಲಿನ ಶ್ರುತಿ ಆ್ಯಪ್ಪನ್ನೋ ಎರಡು ಮನೆಗೆ ಇಟ್ಟು, ಚೆನ್ನಾಗಿ ಹಾಡುವ ಒಬ್ಬ ಹುಡುಗಿಯಿಂದ ಮೊದಲ ಸಾಲು ಎತ್ತಿಸಿದರೆ ಅರ್ಧ ಗೊಂದಲ ತೀರುತ್ತದೆ.

ಶುರು ಮಾಡಬೇಕಾದದ್ದು ಸ ರಿ ಗ ಮ ಏರಿಕೆಯಿಂದಲ್ಲ. ದೂರದಲ್ಲಿರುವವರನ್ನು ಮಕ್ಕಳು ಎಳೆದು ಕೂಗುವ ದನಿಯನ್ನು ಗಮನಿಸಿ: ಎರಡೇ ಸ್ವರ, ಮೇಲಿನಿಂದ ಕೆಳಕ್ಕೆ, ಹೆಚ್ಚುಕಡಿಮೆ ಪ–ಗ. ಅಣಕಿಸುವ ರಾಗವೂ ಅದೇ. ಅದು ಅವರ ಗಂಟಲಲ್ಲಿ ಆಗಲೇ ಇದೆ. ಹಾಜರಿ ಕರೆಯುವಾಗ ಹೆಸರನ್ನು ಪ–ಗ ದಲ್ಲಿ ಹಾಡಿ ಕರೆದು, ಉತ್ತರವನ್ನು ಹಾಗೇ ಹಾಡಿಸಿದರೆ 40 ಮಕ್ಕಳ ದನಿ ಒಂದೊಂದಾಗಿ ಕಿವಿಗೆ ಬೀಳುತ್ತದೆ. ಎರಡು ವಾರದಲ್ಲಿ ಯಾರು ಸ್ವರಕ್ಕೆ ಸೇರುತ್ತಿಲ್ಲ ಎಂಬುದು, ಯಾರಿಗೂ ಅವಮಾನವಾಗದ ಹಾಗೆ, ಗೊತ್ತಾಗುತ್ತದೆ.

ಸೇರದ ಮಗುವಿಗೆ 'ನೀನು ಸುಮ್ಮನೆ ತುಟಿ ಆಡಿಸು' ಎನ್ನುವುದು ಶಾಲೆ ಮಾಡಬಹುದಾದ ಅತಿ ಅಗ್ಗದ ಹಾನಿ. ಐವತ್ತು ವರ್ಷವಾದರೂ ಅಂಥವರು ನಾಲ್ಕು ಜನರ ನಡುವೆ ಬಾಯಿ ಬಿಟ್ಟು ಹಾಡುವುದಿಲ್ಲ. ಸ್ವರದ ಏರಿಳಿತವೇ ಗೊತ್ತಾಗದ ಹುಟ್ಟುತೊಂದರೆ ಇರುವುದು ನೂರಕ್ಕೆ ಒಬ್ಬಿಬ್ಬರಿಗೆ, ಹೆಚ್ಚೆಂದರೆ ನಾಲ್ವರಿಗೆ. ಉಳಿದವರಿಗೆ ಇರುವುದು ಕಿವಿಯ ಕೊರತೆಯಲ್ಲ, ಕೇಳಿದ್ದನ್ನು ಗಂಟಲಿಗೆ ಒಯ್ಯುವ ದಾರಿ ಇನ್ನೂ ಸವೆದಿಲ್ಲ. ಅಂಥ ಮಗುವಿಗೆ ನಮ್ಮ ಸ್ವರಕ್ಕೆ ಬಾ ಎನ್ನಬಾರದು, ನಾವೇ ಅದರ ಸ್ವರಕ್ಕೆ ಹೋಗಬೇಕು. 'ಊ' ಎಂದು ಒಂದು ದನಿ ಹಿಡಿಯಲು ಹೇಳಿ, ಅದೇ ದನಿಯನ್ನು ನಾವು ಹಿಡಿಯಬೇಕು. ಎರಡು ದನಿ ಒಂದಾದಾಗ ಮಗುವಿಗೆ ಅದು ತಿಳಿಯುತ್ತದೆ. ಹೆಚ್ಚಿನ ಮಕ್ಕಳಿಗೆ ಆ ಅನುಭವ ಅದೇ ಮೊದಲು. ಅಲ್ಲಿಂದ ಅರ್ಧ ಸ್ವರ, ಒಂದು ಸ್ವರ ಮೇಲಕ್ಕೆ ಜೊತೆಯಾಗಿ ಜರುಗಬೇಕು. ಆಂಬುಲೆನ್ಸ್ ಸೈರನ್ನಿನ ಹಾಗೆ 'ಊ'ವನ್ನು ಕೆಳಗಿನಿಂದ ಮೇಲಕ್ಕೆ ಜಾರಿಸುವ ಆಟವೂ ಒಳ್ಳೆಯದು, ಮೇಲಿನ ದನಿ ತನ್ನ ಬಳಿಯೂ ಇದೆ ಎಂದು ಮಗುವಿಗೆ ಗೊತ್ತಾಗುತ್ತದೆ. ಕೂರಿಸುವಾಗ ಚೆನ್ನಾಗಿ ಹಾಡುವವರು ಹಿಂದೆ, ಇವರು ಮುಂದೆ. ಸರಿಯಾದ ಸ್ವರ ಬೆನ್ನ ಹಿಂದಿನಿಂದ ಕಿವಿಗೆ ಬೀಳುತ್ತಿರಬೇಕು. ಒಮ್ಮೆಗೆ ಎರಡು ನಿಮಿಷ ಸಾಕು, ವಾರ ತಪ್ಪಬಾರದು.

ತಾಳದ ವಿಷಯದಲ್ಲಿ ಒಂದೇ ಮಾತು. ಮಕ್ಕಳು ಓಡುತ್ತಾರೆ ಎಂದು ಗದರುವುದನ್ನು ಬಿಡಬೇಕು. ದೊಡ್ಡವರು ಸುಮ್ಮನೆ ಬೆರಳು ಕುಟ್ಟಿದರೆ ನಿಮಿಷಕ್ಕೆ ಸುಮಾರು 100 ಬಡಿತ, ಚಿಕ್ಕ ಮಕ್ಕಳ ಸಹಜ ಬಡಿತ ಅದಕ್ಕಿಂತ ಬಹಳ ಚುರುಕು. ನಿಮಿಷಕ್ಕೆ 70 ಬಡಿತದ ಕಾಲದಲ್ಲಿ ಚಪ್ಪಾಳೆ ಶುರು ಮಾಡಿಸಿದರೆ ಅವರು ತಮ್ಮ ಕಾಲಕ್ಕೆ ಓಡಿ ಹೋಗುವುದು ತಪ್ಪಲ್ಲ, ಮೈಯ ಲಕ್ಷಣ. 120ರಲ್ಲಿ ಶುರು ಮಾಡಿ ಆಮೇಲೆ ನಿಧಾನಕ್ಕೆ ಎಳೆಯಬೇಕು. ಇನ್ನು, 40 ಮಕ್ಕಳ ಕೈಗೂ ಒಂದೊಂದು ಬಡಿಯುವ ವಾದ್ಯ ಕೊಡುವ ಉತ್ಸಾಹ ಬೇಡ. ಬರಿ ಗೋಡೆಯ ಕೋಣೆಯಲ್ಲಿ ಸದ್ದು ಸಲೀಸಾಗಿ 90 ಡೆಸಿಬೆಲ್ ದಾಟುತ್ತದೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಕಿವಿಗೆ ಅಪಾಯವಿಲ್ಲದೆ ಇರಬಹುದು ಎಂಬ ಲೆಕ್ಕದಲ್ಲಿ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧ ಆಗುತ್ತದೆ, 94ಕ್ಕೆ ಒಂದು ಗಂಟೆ ಮಾತ್ರ. ದಿನಕ್ಕೆ ಐದು ತರಗತಿ ನಡೆಸುವ ಟೀಚರ್ ಕಿವಿಯ ಗತಿ? ಐದು ವಾದ್ಯ ಇಟ್ಟು ಸರದಿಯಲ್ಲಿ ಕೊಟ್ಟರೆ ಸಾಕು, ಉಳಿದವರಿಗೆ ತೊಡೆ, ಅಂಗೈ, ನೆಲ ಇವೆ.

ಚಿತ್ರಕ್ಕೆ ಬಂದರೆ ಅಲ್ಲಿ ಇನ್ನೊಂದೇ ವಯಸ್ಸಿನ ಕಥೆ. ಐದು ವರ್ಷದ ಮಗುವಿಗೆ ಕುದುರೆ ಬರಿ ಎಂದರೆ ತಕ್ಷಣ ಬರೆಯುತ್ತದೆ. ಹತ್ತು ವರ್ಷದ್ದು 'ನಂಗೆ ಬರಲ್ಲ' ಎನ್ನುತ್ತದೆ. ಒತ್ತಾಯ ಮಾಡಿದರೆ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ವಿ ಆಕಾರದ ಹಕ್ಕಿಗಳು. ಪ್ರತಿಭೆ ಬತ್ತಿ ಹೀಗಾದದ್ದಲ್ಲ. ಒಂಬತ್ತರಿಂದ ಹನ್ನೆರಡರ ನಡುವೆ ಮಗುವಿನ ಕಣ್ಣು ಕೈಗಿಂತ ಮುಂದೆ ಓಡುತ್ತದೆ, ತಾನು ಬರೆದ ಕುರ್ಚಿ ಕುರ್ಚಿಯ ಹಾಗಿಲ್ಲ ಎಂದು ಅದಕ್ಕೇ ಕಾಣುತ್ತದೆ. ಹೆಚ್ಚಿನವರು ಪೆನ್ಸಿಲ್ ಕೆಳಗಿಡುವುದು ಇಲ್ಲೇ, ಅನೇಕರಿಗೆ ಅದು ಶಾಶ್ವತ. ಡ್ರಾಯಿಂಗ್ ಟೀಚರ್ ಅತಿ ಬೇಕಾಗಿರುವುದು ಈ ಮೂರು ವರ್ಷ, ಪೀರಿಯಡ್ಡು ಅತಿ ಹೆಚ್ಚು ಕಳುವಾಗುವುದೂ ಈ ತರಗತಿಗಳಿಂದಲೇ.

ಈ ವಯಸ್ಸಿಗೆ 'ಸ್ವತಂತ್ರವಾಗಿ ಬರೆಯಿರಿ' ಎಂದರೆ ಉಪಯೋಗವಿಲ್ಲ, ನೋಡುವುದನ್ನು ಕಲಿಸಬೇಕು. ಕುರ್ಚಿಯನ್ನೇ ತೆಗೆದುಕೊಳ್ಳಿ. ಮಗು ಕುರ್ಚಿಯ ನಾಲ್ಕು ಕಾಲನ್ನೂ ಒಂದೇ ಉದ್ದ ಬರೆಯುತ್ತದೆ, ಏಕೆಂದರೆ ಅವು ಒಂದೇ ಉದ್ದ ಎಂದು ಅದಕ್ಕೆ ಗೊತ್ತು. ಕಣ್ಣಿಗೆ ಕಾಣುವುದು ಹಾಗಲ್ಲ. ತಿಳಿದದ್ದು ಕಂಡದ್ದನ್ನು ಮುಚ್ಚಿಬಿಡುತ್ತದೆ. ಉಪಾಯವೆಂದರೆ ಕುರ್ಚಿಯನ್ನು ಬರೆಯಿಸದೆ ಅದರ ಸಂದುಗಳನ್ನು ಬರೆಯಿಸುವುದು. ಕುರ್ಚಿಯನ್ನು ಮೇಜಿನ ಮೇಲೆ ಓರೆಯಾಗಿ ಇಡಿ. ಪ್ರತಿ ಮಗುವಿಗೂ ರಟ್ಟಿನಲ್ಲಿ 6 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಕಿಟಕಿ ಕತ್ತರಿಸಿ ಕೊಡಿ, ಕಾಗದದ ಮೇಲೆ ಅದರ ಎರಡರಷ್ಟು, 12ಕ್ಕೆ 16ರ ಚೌಕಟ್ಟು ಹಾಕಿಸಿ. ಒಂದು ಕಣ್ಣು ಮುಚ್ಚಿ, ತೋಳು ನೇರ ಚಾಚಿ, ಕುರ್ಚಿಯ ಅಂಚುಗಳು ಕಿಟಕಿಯ ನಾಲ್ಕೂ ಬದಿಗೆ ತಾಗುವ ಹಾಗೆ ನೋಡಬೇಕು. ಈಗ ಕಾಲು-ಕಾಲಿನ ನಡುವಿನ, ಬೆನ್ನಿನ ಪಟ್ಟಿಗಳ ನಡುವಿನ, ಕುರ್ಚಿಯಾಚೆಗಿನ ಖಾಲಿ ತುಂಡುಗಳನ್ನು ಮಾತ್ರ ಒಂದೊಂದಾಗಿ ಬರೆದು ಕಪ್ಪು ಕ್ರೆಯಾನ್ ತುಂಬಿಸಬೇಕು. ಆ ತುಂಡುಗಳಿಗೆ ಹೆಸರಿಲ್ಲ. ಆದ್ದರಿಂದ ಅವು ಹೇಗಿರಬೇಕು ಎಂಬ ಪೂರ್ವಗ್ರಹವೂ ಮಗುವಿಗಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಕಪ್ಪಿನ ನಡುವೆ ಬಿಳಿ ಕುರ್ಚಿಯೊಂದು ತಾನಾಗಿ ಎದ್ದು ನಿಂತಿರುತ್ತದೆ.

ಕೆಡುವುದು ಮೂರು ಕಡೆ. ಮೊಣಕೈ ಬಾಗಿದರೆ ಕಿಟಕಿ ಕಣ್ಣಿಗೆ ಹತ್ತಿರವಾಗಿ ಅದರೊಳಗಿನ ಕುರ್ಚಿಯ ಅಳತೆ ಬದಲಾಗುತ್ತದೆ. ಎರಡೂ ಕಣ್ಣು ತೆರೆದರೆ ಕಿಟಕಿ ಎರಡಾಗಿ ಕಾಣುತ್ತದೆ. ಕುರ್ಚಿ ಅಂಚಿಗೆ ತಾಗದೆ ನಡುವೆ ತೇಲುತ್ತಿದ್ದರೆ ಹೊರಗಿನ ಖಾಲಿ ತುಂಡುಗಳು ಬೇರೆಬೇರೆಯಾಗದೆ ಒಂದೇ ದೊಡ್ಡ ಬಯಲಾಗಿ, ಮಗು ಮತ್ತೆ ಕುರ್ಚಿಯನ್ನೇ ಬರೆಯತೊಡಗುತ್ತದೆ.

ಬಣ್ಣದ ಪೀರಿಯಡ್ಡು ಎಂದರೆ ಹೆದರುವ ಟೀಚರುಗಳೇ ಜಾಸ್ತಿ, ಕೊನೆಗೆ ಎಲ್ಲರ ಹಾಳೆಯೂ ಕೆಸರು ಬಣ್ಣಕ್ಕೆ ಬಂದು ನಿಲ್ಲುತ್ತದೆ ಎಂದು. ಕೆಂಪು, ಹಳದಿ, ನೀಲಿ ಮೂರೂ ಸೇರಿದರೆ ಕಂದು ಆಗದೆ ಇನ್ನೇನಾದೀತು? ಮೊದಲ ದಿನ ಎರಡೇ ಬಣ್ಣ ಕೊಡಬೇಕು, ಹಳದಿ ಮತ್ತು ನೀಲಿ. ಹಳದಿಗೆ ನೀಲಿಯನ್ನು ಕುಂಚದ ತುದಿಯಷ್ಟು ಸೇರಿಸುತ್ತ ಹೋಗಬೇಕು. ತಿರುಗಿಸಿ ಮಾಡಿದರೆ ನೀಲಿ ಹಳದಿಯನ್ನೆಲ್ಲ ನುಂಗಿ, ಡಬ್ಬಿ ಖಾಲಿಯಾದರೂ ಎಳೆಹಸಿರು ಬರುವುದಿಲ್ಲ. ಪುಡಿ ಬಣ್ಣವಾದರೆ ಪುಡಿ ಎಷ್ಟೋ ನೀರು ಅಷ್ಟು. ಮೊದಲು ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ ಆಮೇಲೆ ಉಳಿದದ್ದು ಹಾಕಿದರೆ ಗಂಟು ಕಟ್ಟುವುದಿಲ್ಲ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದರೆ ಬಟ್ಟೆಯಿಂದ ಬೇಗ ಬಿಡುತ್ತದೆ. ನಾಲ್ಕು ನಾಲ್ಕು ಮಕ್ಕಳ ಹತ್ತು ಗುಂಪು, ಗುಂಪಿಗೆ ಒಂದೊಂದು ಬಣ್ಣ 30 ಮಿಲಿ, ಅಂದರೆ ತರಗತಿಗೆ ಒಂದು ಬಣ್ಣ 300 ಮಿಲಿ. ಕಾಗದ ಮಾತ್ರ ಜೆರಾಕ್ಸಿನ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಬೇಡ, ನೀರು ತಾಗುತ್ತಲೇ ಅಲೆಅಲೆಯಾಗಿ ಏಳುತ್ತದೆ. 150ರ ಆಸುಪಾಸು ಇರಲಿ.

ಪೀರಿಯಡ್ಡು ಮುಳುಗುವುದು ಕೊನೆಯ ಐದು ನಿಮಿಷದಲ್ಲಿ: ಒಂದು ನಲ್ಲಿ, 40 ಮಕ್ಕಳು. ಕೋಣೆಯೊಳಗೇ ಎರಡು ಬಕೆಟ್ ಇಟ್ಟು, ಮೊದಲನೆಯದರಲ್ಲಿ ಕುಂಚದ ಬಣ್ಣ ಬಿಡಿಸಿ ಎರಡನೆಯದರಲ್ಲಿ ಜಾಲಾಡಿ, ಕೂದಲು ಮೇಲಾಗಿ ನಿಲ್ಲಿಸಿದರೆ ಮುಗಿಯಿತು. ಜೇಡಿಮಣ್ಣಿಗೂ ಇದೇ ಬುದ್ಧಿ ಬೇಕು. ಮಗುವಿಗೆ 300 ಗ್ರಾಂ, ತರಗತಿಗೆ 12 ಕಿಲೋ. ಕೈ ತೊಳೆದ ನೀರು ಮೋರಿಗೆ ಹೋಗಬಾರದು, ಬಕೆಟ್ಟಿನಲ್ಲಿ ತಂಗಬೇಕು. ಒಣಗಿದ ಮಣ್ಣಿನ ಧೂಳನ್ನು ಪೊರಕೆಯಿಂದ ಗುಡಿಸಬಾರದು, ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಮಣ್ಣನ್ನು ಮತ್ತೆ ಬಳಸಬೇಕೆಂದರೆ ಪೂರ್ತಿ ಒಣಗಿಸಿಯೇ ನೀರಿಗೆ ಹಾಕಿ. ವಿಚಿತ್ರವೆನಿಸಿದರೂ ಅರೆಹಸಿ ಉಂಡೆ ದಿನಗಟ್ಟಲೆ ಕರಗುವುದಿಲ್ಲ, ಎಲುಬಿನಂತೆ ಒಣಗಿದ್ದು ಸ್ವಲ್ಪ ಹೊತ್ತಿನಲ್ಲೇ ಪುಡಿಪುಡಿಯಾಗಿ ಕುಸಿಯುತ್ತದೆ.

40 ನಿಮಿಷದಲ್ಲಿ ಹರಡಿ, ತೋರಿಸಿ, ತೊಳೆದು ಮುಗಿಸಿದರೆ ಮಕ್ಕಳ ಕೈಗೆ ಉಳಿಯುವುದು 20. ಅದಕ್ಕೇ ಚಿತ್ರಕ್ಕೆ ವಾರಕ್ಕೊಂದು ಬಿಡಿ ಪೀರಿಯಡ್ಡಿಗಿಂತ ಎರಡು ವಾರಕ್ಕೊಂದು ಜೋಡಿ ಪೀರಿಯಡ್ಡು ಮೇಲು: 80ರಲ್ಲಿ 60 ಉಳಿಯುತ್ತದೆ. ಸಂಗೀತಕ್ಕೆ ಇದು ತದ್ವಿರುದ್ಧ. ಹದಿನೈದು ನಿಮಿಷವಾದರೂ ಸರಿ, ಮೇಲಿಂದ ಮೇಲೆ ಆಗಬೇಕು. ವೇಳಾಪಟ್ಟಿ ಮಾಡುವವರು ಎರಡನ್ನೂ ಒಂದೇ ಅಚ್ಚಿಗೆ ಹಾಕುತ್ತಾರೆ.

ವಾರ್ಷಿಕೋತ್ಸವದ ಬಗ್ಗೆ ಹೇಳಿದರೆ ನಿಷ್ಠುರವಾಗುತ್ತದೆ. 400 ಮಕ್ಕಳಲ್ಲಿ 30 ಜನರನ್ನು ಆರಿಸಿ, ಒಂದು ತಿಂಗಳು ಒಂದೇ ಹಾಡಿಗೆ ಕುಣಿಸಿ, ಬಾಡಿಗೆ ಬಟ್ಟೆ ತೊಡಿಸುವುದಕ್ಕೆ ಕಲಾ ಶಿಕ್ಷಣ ಎಂದು ಹೆಸರು. ಉಳಿದ 370 ಮಕ್ಕಳು ಅಂದು ಕಲಿಯುವುದು ತಾವು ಪ್ರೇಕ್ಷಕರು ಎಂಬುದನ್ನು. ಸಮಾರಂಭ ಬೇಡವೆಂದಲ್ಲ, ಆದರೆ ಅದು ವರ್ಷವಿಡೀ ನಡೆದ ಪೀರಿಯಡ್ಡುಗಳ ತುದಿಯಾಗಿ ಬರಲಿ. ಅಂಕ ಕೊಡುವುದರಲ್ಲೂ ಇದೇ ಚಾಳಿ, ಚಂದದ ಚಿತ್ರಕ್ಕೆ ಹತ್ತಕ್ಕೆ ಒಂಬತ್ತು. ಹಾಳೆಗಳ ಹಿಂದೆ ದಿನಾಂಕ ಬರೆದು ಮಗುವಿನ ಹೆಸರಿನ ಫೈಲಿನಲ್ಲಿಟ್ಟು, ಮೊದಲ ಕುರ್ಚಿಯನ್ನೂ ಹತ್ತನೆಯ ಕುರ್ಚಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಂಕ ಎಲ್ಲಿದೆ ಎಂದು ತಂತಾನೇ ಕಾಣುತ್ತದೆ.

ಇಷ್ಟರ ಮೇಲೂ ಒಂದು ಶಾಲೆಯಲ್ಲಿ ಕಲೆ ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಬೇಕಿದ್ದರೆ ವೇಳಾಪಟ್ಟಿ ಕೇಳಬೇಡಿ, ಸಾಮಾನಿನ ಬೀರು ತೆಗೆಸಿ ನೋಡಿ. ಅನುದಾನ ಬಂದ ವರ್ಷ ಕೊಂಡ ಪೋಸ್ಟರ್ ಬಣ್ಣದ ಬಾಟಲಿಗಳು ಸೀಲು ಒಡೆಯದೆ, ಒಳಗೆ ತಳಕ್ಕೆ ಕಲ್ಲಾಗಿ ಕೂತಿರುತ್ತವೆ. ಹಾರ್ಮೋನಿಯಂ ಮೇಲೆ ಹೊದಿಸಿದ ಬಟ್ಟೆ ಮಡಿಕೆಯ ಗೆರೆಯಲ್ಲಿ ಬಣ್ಣಗೆಟ್ಟಿರುತ್ತದೆ, ತಿದಿ ಒತ್ತಿದರೆ ಎರಡು ರೀಡು ಧೂಳು ಹಿಡಿದು ಮೂಕ. ಬೀಗದ ಕೈ ಮುಖ್ಯೋಪಾಧ್ಯಾಯರ ಡ್ರಾಯರಿನಲ್ಲಿದೆ, ಅವರು ಮೀಟಿಂಗಿಗೆ ಹೋಗಿದ್ದಾರೆ. ಸಾಮಾನು ಹಾಳಾದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯಕ್ಕೆ ಅದನ್ನು ಹಾಗೆ ಕಾಪಾಡಿಕೊಂಡು ಬಂದಿರುತ್ತಾರೆ. ಬಣ್ಣ ಖರ್ಚಾಗುವ ವಸ್ತು, ಕುಂಚ ಎರಡು ವರ್ಷಕ್ಕೆ ಸವೆಯುವ ವಸ್ತು ಎಂದು ದಾಸ್ತಾನು ಪುಸ್ತಕದಲ್ಲಿ ಮೊದಲೇ ಬರೆದಿಟ್ಟು, ಇನ್ನೊಂದು ಬೀಗದ ಕೈ ಮಾಡಿಸಿ ಏಳನೇ ತರಗತಿಯ ಇಬ್ಬರು ಮಕ್ಕಳ ಕೈಗೆ ಕೊಟ್ಟ ಶಾಲೆಯಲ್ಲಿ ಬಾಟಲಿಗಳ ಮುಚ್ಚಳದ ಸುತ್ತ ಬಣ್ಣ ಒಣಗಿ ಅಂಟಿರುತ್ತದೆ, ತೆಗೆಯಲು ಸ್ವಲ್ಪ ಬಿಸಿನೀರು ಬೇಕಾಗುತ್ತದೆ.